ಗಾಢನಿದ್ರೆ ಬಳಗವೂ ನನ್ನ ಮೀಸೆಯೂ

ನನಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ! ಇದು ಜಂಬವಲ್ಲ, ಹೊಟ್ಟೆಪಾಡು. ನಾನು ಡ್ರೈವಿಂಗ್ ಲೈಸೆನ್ಸಿಗೆ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರು. ಕಲಿತವರು ಸ್ಟಿಯರಿಂಗ್ ಹಿಡಿದರೆ ನಾನು ಪಕ್ಕದ ಸೀಟಿನಲ್ಲಿ ಕೂತು, ನನಗೆಂದೇ ಕಾಲ ಬಳಿ ಅಳವಡಿಸಿರುವ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು, ಇಡೀ ಮಾನವಕುಲವನ್ನು ಅನುಮಾನದಿಂದ ನೋಡುತ್ತೇನೆ. ಕನ್ನಡಿ ನೋಡಿದರೆ, ನನಗೆ ತೋರಿಸಲೆಂದೇ ನೋಡಿದ ಅಂತ ಅನುಮಾನ. ನೋಡದಿದ್ದರೆ ಅನುಮಾನವೇ ಇಲ್ಲ! ಗಾಡಿ ನಿಂತ ಮೇಲೆ ಅಭ್ಯರ್ಥಿಯ ಮುಖ ದಿಟ್ಟಿಸುತ್ತೇನೆ. ಆ ಮುಖದಲ್ಲಿ ಒಂದಿಷ್ಟು ಗಾಬರಿ ಕಂಡರೂ ಸಾಕು, ಫೇಲ್! ತಪ್ಪು ಮಾಡದವರು ಗಾಬರಿಯಾಗುವುದೇಕೆ? ಕಚೇರಿಯಲ್ಲಿ ನನಗೆ ‘ಫೇಲಪ್ಪ’ ಅಂತ ಹೆಸರಿಟ್ಟಿದ್ದಾರೆ. ನಾನದನ್ನು ಬಿರುದು ಅಂತಲೇ ತಿಳಿದಿದ್ದೇನೆ.

ಇಂಥ ನಾನು ಯಾರೋ ಡಾಕ್ಟರು ಹೇಳಿದ್ದನ್ನು ಕಣ್ಣುಮುಚ್ಚಿ ನಂಬುವುದುಂಟೆ? ಡಾಕ್ಟರ ಹಂಗಿಲ್ಲದೆ ನನ್ನ ಗೊರಕೆಯನ್ನು ನಾನೇ ಮಟ್ಟ ಹಾಕುತ್ತೇನೆ ಎಂದು ಶಪಥ ಮಾಡಿದೆ. ಆ ಶಪಥ ನನ್ನ ಮೀಸೆಯ ಬುಡಕ್ಕೇ ಬಂದದ್ದು ಹೇಗೆ ಅನ್ನುವುದೇ ಈ ಕಥೆ. ನಗಬೇಕಾದವರು ಈಗಲೇ ನಕ್ಕುಬಿಡಿ.

ಎಲ್ಲಕ್ಕೂ ಮೂಲ ಒಬ್ಬ ಮೇಷ್ಟರು. ಪರೀಕ್ಷೆಗೆ ಬಂದಿದ್ದ ಆ ಮೇಷ್ಟರಿಗೆ “ನೇರ ಹೋಗಿ” ಅಂದೆ. ಅಲ್ಲಿಯವರೆಗೆ ನೆನಪಿದೆ. ಮತ್ತೆ ಕಣ್ಣು ಬಿಟ್ಟಾಗ ಕಾರು ಒಂದು ಜೋಳದ ಹೊಲದ ಪಕ್ಕ ನಿಂತಿತ್ತು. ಸುತ್ತ ಊರಿನ ಸುಳಿವೇ ಇಲ್ಲ. ಮೇಷ್ಟರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದರು.

“ಇದೆಲ್ರೀ ಇದು?” ಅಂತ ಗುಡುಗಿದೆ.

“ಗೊತ್ತಿಲ್ಲ ಸಾರ್. ನೀವು ನೇರ ಹೋಗಿ ಅಂದ್ರಿ.”

“ಅಂದ್ರೆ, ಇಷ್ಟು ನೇರಾನಾ?”

“ಎಡಕ್ಕಾ ಬಲಕ್ಕಾ ಅಂತ ಕೇಳ್ತಾನೇ ಇದ್ದೆ ಸಾರ್. ನೀವು ಗುರ್‌ರ್ ಅಂದ್ರಿ. ಸಿಟ್ಟು ಬಂತೇನೋ ಅಂತ ಸುಮ್ನಾದೆ. ಈಗ ಪೆಟ್ರೋಲೂ ಮುಗೀತು.”

ಮೇಷ್ಟರ ಮುಖದಲ್ಲಿ ಗಾಬರಿ ಇತ್ತು, ಆದರೆ ಅವತ್ತು ಫೇಲ್ ಮಾಡುವ ಧೈರ್ಯ ನನಗೇ ಬರಲಿಲ್ಲ. ಇಬ್ಬರೂ ಕಾರು ತಳ್ಳಿಕೊಂಡು ಪೆಟ್ರೋಲ್ ಬಂಕ್ ಹುಡುಕುತ್ತ ಹೊರಟೆವು. ನಾನು ಹಿಂದಿನಿಂದ ತಳ್ಳಿದೆ, ಅವರು ಸ್ಟಿಯರಿಂಗ್ ಹಿಡಿದು ತಳ್ಳಿದರು. ತಿರುವು ಬಂದಾಗಲೆಲ್ಲ ಆ ಪುಣ್ಯಾತ್ಮರು “ಎಡಕ್ಕಾ ಸಾರ್?” ಅಂತ ಕೇಳುವುದನ್ನು ಮಾತ್ರ ಬಿಡಲಿಲ್ಲ.

ಕಚೇರಿಯಲ್ಲಿ ಸಾಹೇಬರು ಕಾಯುತ್ತಿದ್ದರು. “ನಿಮ್ಮ ಕಾಲ ಕೆಳಗೆ ಬ್ರೇಕ್ ಕೊಟ್ಟಿರೋದು ಯಾಕ್ರೀ? ಅದೇನು ದಿಂಬಾ?” ಅಂತ ಶುರು ಮಾಡಿದವರು ಕೊನೆಗೆ ಆಜ್ಞೆ ಹೊರಡಿಸಿದರು. ನಾನು ಡಾಕ್ಟರಿಗೆ ತೋರಿಸಿ ಚಿಕಿತ್ಸೆ ತೆಗೆದುಕೊಳ್ಳಬೇಕು. ಆಮೇಲೆ ಸಾಹೇಬರೇ ಗೊತ್ತು ಮಾಡಿದ ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಬರುತ್ತಾರೆ. ನಾನು ಎಚ್ಚರವಿದ್ದರೆ ಸೀಟು ನನ್ನದು. ಇಲ್ಲವಾದರೆ ಕಚೇರಿಯ ಹಿಂದೆ ಹಳೆಯ ನಂಬರ್ ಪ್ಲೇಟುಗಳನ್ನು ರಾಶಿ ಹಾಕಿರುವ ಗೋದಾಮಿಗೆ ನಾನೇ ಅಧಿಪತಿ. ಅಲ್ಲಿ ಎಷ್ಟು ನಿದ್ದೆ ಮಾಡಿದರೂ ಅಪಘಾತವಾಗುವುದಿಲ್ಲವಂತೆ!

ಮನೆಗೆ ಬಂದು ಹೇಳಿದರೆ ಹೆಂಡತಿ ನಗಲಿಲ್ಲ. ಅದೇ ನನಗೆ ಮೊದಲ ಅನುಮಾನ. ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಅಲ್ಲಿ ನಿದ್ದೆಗೇ ಒಬ್ಬರು ಬೇರೆ ಡಾಕ್ಟರು, ಹೆಂಗಸು. ಮೈತುಂಬ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿಕೊಂಡು ಬೆಳಿಗ್ಗೆ ತೀರ್ಪು ಕೊಟ್ಟರು.

“ನಿದ್ದೇಲಿ ನಿಮ್ಮ ಗಂಟಲು ಮುಚ್ಕೊಂಡು ಉಸಿರೇ ನಿಂತುಹೋಗುತ್ತೆ. ಒಂದೆರಡು ಸಲ ಅಲ್ಲ, ರಾತ್ರಿ ಪೂರ್ತಿ. ಪ್ರತಿ ಸಲ ಮೆದುಳು ಗಾಬರಿಯಾಗಿ ನಿಮ್ಮನ್ನ ಎಬ್ಬಿಸುತ್ತೆ. ಅದು ನಿಮಗೆ ಗೊತ್ತೂ ಆಗಲ್ಲ. ಹಗಲು ತೂಕಡಿಕೆ ಬರೋದು ಅದಕ್ಕೇ.”

“ನಾನು ನಿದ್ದೇಲಿದ್ದೆ. ನೀವು ಮನೇಲಿದ್ರಿ. ಉಸಿರು ನಿಂತಿತ್ತು ಅನ್ನೋಕೆ ಸಾಕ್ಷಿ ಯಾರು?”

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ “ನಾನು” ಅಂದಳು ನನ್ನವಳು. ಅವಳ ಸಾಕ್ಷಿಯನ್ನು ನಾನು ಒಪ್ಪಲಿಲ್ಲ. ಗೊರಕೆಯ ವಿಷಯದಲ್ಲಿ ಅವಳು ಎದುರು ಪಾರ್ಟಿ!

ಪರಿಹಾರವೂ ಸಿದ್ಧವಾಗಿತ್ತು. ಸಿಪ್ಯಾಪ್ ಅಂತ ಒಂದು ಮಷೀನು. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಮೂಗಿಗೆ ಹಾಕಿಕೊಳ್ಳುವ ಮಾಸ್ಕು. ಮಷೀನು ಗಾಳಿ ಊದುತ್ತಿದ್ದರೆ ಗಂಟಲು ಮುಚ್ಚಿಕೊಳ್ಳುವುದಿಲ್ಲವಂತೆ. “ನಿಮಗೆ ಎಷ್ಟು ಗಾಳಿ ಬೇಕೋ ಅಷ್ಟಕ್ಕೆ ನಾನೇ ಇಟ್ಟಿದೀನಿ. ಮೀಸೆ ಸ್ವಲ್ಪ ದಪ್ಪ ಇದೆ. ಗಾಳಿ ಸೋರಿದ್ರೆ ಬನ್ನಿ, ಬೇರೆ ಥರದ ಮಾಸ್ಕ್ ನೋಡೋಣ” ಅಂದರು. ಅಷ್ಟು ಹೊತ್ತಿಗೆ ನನ್ನ ಕಣ್ಣು ಅವರ ಬೆನ್ನ ಹಿಂದಿನ ಗಾಜಿನ ಬೀರು ಸೇರಿತ್ತು. ಒಳಗೆ ತರತರದ ಮಾಸ್ಕುಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು.

ಮೆಟ್ಟಿಲಿಳಿಯುತ್ತ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದೆ. “ನೋಡಿದ್ಯಾ? ಕಾಯಿಲೆ ಹೇಳೋ ಕೋಣೇಲೇ ಮಷೀನೂ ಇದೆ. ಏನರ್ಥ?”

“ಚಪ್ಪಲಿ ಅಂಗಡೀಲಿ ಕಾಲಿನ ಅಳತೇನೂ ತಗೋತಾರೆ, ಚಪ್ಪಲೀನೂ ಇರುತ್ತೆ. ಹಾಗಂತ ನೀವು ಬರಿಗಾಲಲ್ಲಿ ಓಡಾಡ್ತೀರಾ?”

“ನನ್ನ ಮೀಸೆ ಮೇಲೂ ಕಣ್ಣು ಹಾಕಿದಾರೆ ಕಣೇ!”

“ಆ ಮೀಸೆ ಮೇಲೆ ಯಾರಾದ್ರೂ ಕಣ್ಣು ಹಾಕಿದ್ರೆ ನನಗೇ ಸಂತೋಷ.”

ಮಷೀನು ಮನೆಗೆ ಬಂತು. ಹೊಸ ನೆಂಟನ ಹಾಗೆ ಹಾಸಿಗೆಯ ಪಕ್ಕದ ಮೇಜು ಹಿಡಿಯಿತು. ಆದರೆ ಅದನ್ನು ಹೇಗೆ ಬಳಸಬೇಕು ಅಂತ ಡಾಕ್ಟರನ್ನು ಕೇಳುವ ಪೈಕಿ ನಾನಲ್ಲ. ಫೋನಿನಲ್ಲಿ ಜಾಲಾಡಿ ‘ಗಾಢನಿದ್ರೆ ಬಳಗ’ ಎಂಬ ವಾಟ್ಸಾಪ್ ಗುಂಪು ಹುಡುಕಿ ಸೇರಿಕೊಂಡೆ. ಎಲ್ಲರೂ ನನ್ನಂತೆ ಉಸಿರು ನಿಲ್ಲುವವರು, ಎಲ್ಲರ ತಲೆದೆಸೆಯಲ್ಲೂ ಒಂದೊಂದು ಮಷೀನು. ಗುಂಪಿನ ಹಿರಿಯರನ್ನು ಎಲ್ಲರೂ ‘ಮಾಸ್ಕ್ ಮಾವ’ ಅನ್ನುತ್ತಿದ್ದರು. ನಾನು ಸೇರಿದ ಕೂಡಲೇ ಅವರ ಧ್ವನಿಸಂದೇಶ ಬಂತು: “ಸ್ವಾಗತ ತಮ್ಮಾ! ಡಾಕ್ಟ್ರಿಗೇನು ಗೊತ್ತು? ಅವರೇನು ಮೂಗಿಗೆ ಪೈಪ್ ಹಾಕ್ಕೊಂಡು ಮಲಗ್ತಾರಾ? ಅನುಭವಿಸಿದೋರನ್ನ ಕೇಳು!”

ಆಹಾ! ಎಂಥ ಮಾತು! ನೀರಿಗಿಳಿಯದ ಈಜು ಮೇಷ್ಟರನ್ನು ನಂಬುವುದುಂಟೆ? ಹೆಂಡತಿಗೂ ಕೇಳಿಸಿದೆ.

“ಈ ಮಾವ ಏನು ಮಾಡ್ಕೊಂಡಿದಾರೆ?”

“ಹಾಸಿಗೆ ಅಂಗಡಿ ಇದೆಯಂತೆ.”

“ಹಾಸಿಗೆ ಬದಲಾಯಿಸಿ ಅಂತ ಹೇಳಿದ್ರಾ?”

“ಹೇಳಿದ್ರು. ಅದು ಸೇವಾಭಾವ ಕಣೇ! ಎಲ್ಲದಕ್ಕೂ ಅನುಮಾನಪಟ್ರೆ ಹೇಗೆ?”

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು.

ಬಳಗದ ಮೊದಲ ಉಪದೇಶ: ಅಂಗಾತ ಮಲಗಬಾರದು, ಅದಕ್ಕೆ ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿದುಕೊಳ್ಳಬೇಕು. ಹೊಲಿದುಕೊಂಡೆ. ಅಂಗಾತ ತಿರುಗಿದಾಗಲೆಲ್ಲ ಚೆಂಡು ಒತ್ತಿ ಪಕ್ಕಕ್ಕೆ ಉರುಳಿಸುತ್ತಿತ್ತು. ಉರುಳಿಸಿದ್ದು ಸರಿ, ನಿಲ್ಲಿಸುವ ವ್ಯವಸ್ಥೆಯನ್ನು ಯಾರೂ ಹೇಳಿರಲಿಲ್ಲ! ಬೆಳಿಗ್ಗೆ ನಾನು ಮಂಚದ ಕೆಳಗೆ, ಮಷೀನು ನನ್ನ ಮೇಲೆ. ಪೈಪು ಕತ್ತಿಗೆ ಸುತ್ತಿಕೊಂಡಿತ್ತು.

ಎರಡನೆಯದು ಬ್ರಹ್ಮರಹಸ್ಯ. “ಡಾಕ್ಟ್ರು ಬೇಕಂತಲೇ ಗಾಳಿ ಕಮ್ಮಿ ಇಟ್ಟಿರ್ತಾರೆ ತಮ್ಮಾ. ಪದೇಪದೇ ಬರ್ಲಿ ಅಂತ. ಮಷೀನಲ್ಲಿ ಡಾಕ್ಟ್ರಿಗೆ ಮಾತ್ರ ಅಂತ ಒಂದು ಮೆನು ಬಚ್ಚಿಟ್ಟಿರ್ತಾರೆ” ಅಂದರು ಮಾಸ್ಕ್ ಮಾವ. ಬಚ್ಚಿಟ್ಟಿದ್ದಾರೆ! ಈ ಒಂದು ಪದ ಸಾಕಾಯಿತು ನನಗೆ. ಅವರು ಹೇಳಿಕೊಟ್ಟಂತೆ ಗುಂಡಿಗಳನ್ನು ಒತ್ತಿದರೆ ನಿಜಕ್ಕೂ ಒಂದು ಮೆನು ತೆರೆದುಕೊಂಡಿತು. ನನ್ನ ಅನುಮಾನಕ್ಕೆ ಜಯವಾಗಲಿ! ಗಾಳಿಯನ್ನು ಕೈಗೆ ಸಿಕ್ಕಷ್ಟು ಏರಿಸಿದೆ.

ಬೆಳಿಗ್ಗೆ ಏಳುವಾಗ ಹೊಟ್ಟೆ ತಬಲಾದಂತಾಗಿತ್ತು. ಅಷ್ಟೂ ಗಾಳಿ ಒಳಗೆ ಹೋಗಿ ಬಾಡಿಗೆಗೆ ಮನೆ ಹಿಡಿದಿತ್ತು. ಕಚೇರಿಯಲ್ಲಿ ಸಾಹೇಬರು “ಚಿಕಿತ್ಸೆ ಹೇಗೆ ನಡೀತಿದೆ?” ಅಂದರು. ಉತ್ತರ ಹೇಳಲು ಬಾಯಿ ತೆರೆದೆ. ಬಂದದ್ದು ತೇಗು. ಅದೂ ಎಂಥದ್ದು! ಪಕ್ಕದ ಕೋಣೆಯವರು ಯಾವ ಲಾರಿ ಬಂತು ಅಂತ ಕಿಟಕಿಯಿಂದ ಇಣುಕಿದರು. “ಕ್ಷಮಿಸಿ ಸಾರ್” ಅನ್ನಲು ಮತ್ತೆ ಬಾಯಿ ತೆರೆದೆ. ಮತ್ತೊಂದು ಲಾರಿ! ಸಾಹೇಬರು ಕೈಯಲ್ಲೇ ಹೋಗಿ ಅಂತ ಸನ್ನೆ ಮಾಡಿದರು.

ಗಾಳಿ ಏರಿಸಿದ ಮೇಲೆ ಅದು ಮೀಸೆಯ ಸಂದಿಯಿಂದ ಪುಸ್ ಅಂತ ಸೋರತೊಡಗಿತು. ಡಾಕ್ಟರು ಹೇಳಿದ್ದೇ ಆಯಿತಲ್ಲ ಎಂಬ ಸಂಕಟ ಬೇರೆ. ಮೀಸೆ ತೆಗೆ ಅನ್ನುವುದೊಂದು ಬಿಟ್ಟು ಬೇರೇನಾದರೂ ಹೇಳಿ ಅಂತ ಬಳಗವನ್ನು ಬೇಡಿಕೊಂಡೆ. “ಹಿಮ್ಮಡಿ ಒಡೆದರೆ ಹಚ್ಚುವ ಜಿಡ್ಡು ಮುಲಾಮು ಇದೆಯಲ್ಲ, ಅದನ್ನು ಮೀಸೆಗೆ ಬಳಿಯಿರಿ, ಸಂದಿ ಮುಚ್ಚುತ್ತೆ” ಅಂದರೊಬ್ಬರು. ಬಳಿದೆ. ಮಾಸ್ಕು ಜಾರಿ ಜಾರಿ ಕಿವಿಗೆ ಬಂದು ನೆಲೆಸಿತು. ರಾತ್ರಿಯಿಡೀ ನನ್ನ ಕಿವಿಗೆ ಚಿಕಿತ್ಸೆ ನಡೆಯಿತು! ಬೆಳಿಗ್ಗೆ ಹೆಂಡತಿ ಏನೋ ಕೇಳಿದರೆ ನನಗೆ ಸಮುದ್ರದ ಸದ್ದು ಮಾತ್ರ ಕೇಳಿಸುತ್ತಿತ್ತು.

“ಹಾಗಾದ್ರೆ ಟೇಪ್ ಹಾಕು ತಮ್ಮಾ” ಅಂದರು ಮಾಸ್ಕ್ ಮಾವ. “ರಟ್ಟಿನ ಪೆಟ್ಟಿಗೆಗೆ ಅಂಟಿಸ್ತಾರಲ್ಲ, ಅಗಲದ್ದು. ಮಾಸ್ಕ್ ಸುತ್ತ ಬಿಗಿಯಾಗಿ ಅಂಟಿಸ್ಬಿಡು. ಎಲ್ಲಿಗೆ ಹೋಗುತ್ತೆ ನೋಡೋಣ.”

ಎಲ್ಲಿಗೂ ಹೋಗಲಿಲ್ಲ! ಬೆಳಗಾದರೂ ಹೋಗಲಿಲ್ಲ, ಕಚೇರಿಗೆ ಹೊತ್ತಾದರೂ ಹೋಗಲಿಲ್ಲ. ಬಿಸಿನೀರು, ಎಣ್ಣೆ, ಸೋಪು ಒಂದಕ್ಕೂ ಮಾಸ್ಕು ಮಣಿಯಲಿಲ್ಲ. ಮೂಗಿನಿಂದ ಪೈಪು ಇಳಿಬಿಟ್ಟುಕೊಂಡು ಮರಿ ಆನೆಯಂತೆ ಮನೆಯೆಲ್ಲ ಸುತ್ತಿದೆ. ಕೊನೆಗೆ ಹೆಂಡತಿ ಸೆರಗು ಸಿಕ್ಕಿಸಿ ನಿಂತಳು.

“ಕಣ್ಣು ಮುಚ್ಕೊಳ್ಳಿ.”

“ನಿಧಾನ ಕಣೇ, ಮೀಸೆ!”

“ಆಯ್ತು, ನಿಧಾನವಾಗೇ ಕೀಳ್ತೀನಿ” ಅಂದವಳು ಒಂದೇ ಏಟಿಗೆ ಎಳೆದಳು.

ನಾನು ಹಾಕಿದ ಕೂಗಿಗೆ ಪಕ್ಕದ ಮನೆಯವರ ನಾಯಿ ಉತ್ತರ ಕೊಟ್ಟಿತು. ಕನ್ನಡಿ ನೋಡಿದರೆ ಎಡಗಡೆ ಮೀಸೆ ಇದೆ, ಬಲಗಡೆಯದು ಟೇಪಿನಲ್ಲಿದೆ! ಉಳಿದರ್ಧವನ್ನು ನಾನೇ ಕಣ್ಣೀರಿಡುತ್ತ ಬೋಳಿಸಿದೆ. ಕಾಲೇಜಿನ ದಿನಗಳಿಂದ ಜೊತೆಗಿದ್ದ ಮೀಸೆ. ಕಚೇರಿಯ ಗೇಟಿನ ಕಾವಲುಗಾರ ಗುರುತು ಸಿಗದೆ ಹೊರಗೇ ನಿಲ್ಲಿಸಿದ.

ಇಷ್ಟಾದರೂ ಬಳಗದ ಮೇಲಿನ ನನ್ನ ನಂಬಿಕೆ ಅಲುಗಲಿಲ್ಲ. ಮೊಂಡುತನಕ್ಕೆ ನಂಬಿಕೆ ಅಂತ ಹೆಸರಿಟ್ಟರೆ ಎಷ್ಟು ಗೌರವ ಬರುತ್ತದೆ ನೋಡಿ! ಸಾಹೇಬರು ಹೇಳಿದ ದಿನ ಹತ್ತಿರ ಬರುತ್ತಿತ್ತು. ನನ್ನ ತೂಕಡಿಕೆ ಮಾತ್ರ ಇಂಚೂ ಕದಲಿರಲಿಲ್ಲ. ಅಷ್ಟರಲ್ಲಿ ಬಳಗದ ಸಭೆ ಅಂತ ಕರೆ ಬಂತು. ಮಾಸ್ಕ್ ಮಾವ ಖುದ್ದಾಗಿ ‘ಡಾಕ್ಟರಿಲ್ಲದೆ ನಾನು ನಿದ್ದೆಯನ್ನು ಗೆದ್ದ ಬಗೆ’ ಅಂತ ಮಾತಾಡುತ್ತಾರಂತೆ.

“ನಾನೂ ಬರ್ತೀನಿ. ನಿಮ್ಮ ಗುರುಗಳನ್ನ ಒಂದ್ಸಲ ಕಣ್ತುಂಬ ನೋಡ್ಬೇಕು” ಅಂದಳು ಹೆಂಡತಿ.

ಗ್ರಂಥಾಲಯದ ಮೇಲಿನ ಕೋಣೆ. ಊಟ ಮುಗಿದ ಹೊತ್ತು. ಫ್ಯಾನುಗಳು ಹದವಾಗಿ ತಿರುಗುತ್ತಿದ್ದವು. ನಾವಿಬ್ಬರೂ ಮುಂದಿನ ಸಾಲಿನಲ್ಲಿ ಕೂತೆವು. ಅಗಲ ಹಣೆಯ, ದುಂಡು ಮೈಯ ಮಾಸ್ಕ್ ಮಾವ ಮೈಕಿನ ಮುಂದೆ ನಿಂತು, ಎರಡೂ ಕೈಯಲ್ಲಿ ಮೇಜು ಹಿಡಿದು ಆರಂಭಿಸಿದರು.

“ಬಂಧುಗಳೇ, ಒಂದು ಕಾಲದಲ್ಲಿ ನಾನೂ ಕೂತಲ್ಲಿ ನಿಂತಲ್ಲಿ ತೂಕಡಿಸ್ತಿದ್ದೆ. ಇವತ್ತು ನೋಡಿ! ಹಗಲು ಹೊತ್ತು ನನಗೆ ಒಂದೇ ಒಂದು ಆಕಳಿಕೆ ಕೂಡ...”

ಮುಂದಿನ ಮಾತು ಬರಲಿಲ್ಲ. ಒತ್ತು ಕೊಡಲು ನಿಲ್ಲಿಸಿದ್ದಾರೆ ಅಂದುಕೊಂಡೆ. ಅವರ ಗಲ್ಲ ನಿಧಾನಕ್ಕೆ ಎದೆಗೆ ಇಳಿಯಿತು. ಬಾಯಿ ಮೈಕಿಗೆ ತಾಗಿತು. ಗೊರ್‌ರ್‌ರ್! ನಾಲ್ಕು ಮೂಲೆಯ ಸ್ಪೀಕರುಗಳಿಂದಲೂ ಗೊರಕೆ ಹೊರಟಿತು. ಯಾರಾದರೂ ಎಬ್ಬಿಸಿ ಅಂತ ಹಿಂದೆ ತಿರುಗಿದೆ. ಇಡೀ ಸಭೆ ನಿದ್ದೆಯಲ್ಲಿತ್ತು! ಒಬ್ಬರ ತಲೆ ಇನ್ನೊಬ್ಬರ ಹೆಗಲ ಮೇಲೆ, ಇನ್ನೊಬ್ಬರದು ಕಿಟಕಿಯ ಸರಳಿನ ಮೇಲೆ. ನನಗೆ ಇಷ್ಟು ದಿನ ಉಪದೇಶ ಮಾಡಿದ ಮಹನೀಯರು ಇವರು! ನನ್ನ ಮೀಸೆಯನ್ನು ಇವರ ಕೈಗೆ ಕೊಟ್ಟಿದ್ದೆನಲ್ಲಪ್ಪ!

ಸಿಟ್ಟಿನಿಂದ ಏಳಬೇಕೆನ್ನುವಷ್ಟರಲ್ಲಿ ಗೊರಕೆ ತಟ್ಟನೆ ನಿಂತಿತು.

ಸ್ಪೀಕರುಗಳಲ್ಲಿ ಸದ್ದೇ ಇಲ್ಲ. ಉಸಿರಿನ ಸುಳಿವೂ ಇಲ್ಲ. ಮಾವನ ಎದೆ ಮೇಲೇಳುತ್ತಿಲ್ಲ. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದೆ. ಈಗ ಬರಬಹುದು, ಈಗ ಬರಬಹುದು ಅಂತ ಕಾದೆ. ಬರಲಿಲ್ಲ. ಆ ಮನುಷ್ಯ ನಿಂತಲ್ಲೇ ಹೋಗಿಬಿಟ್ಟರು ಅಂತಲೇ ಅನ್ನಿಸಿ ಜೀವ ಹಾರಿತು.

“ಗಾಬರಿಯಾಗ್ಬೇಡಿ. ಬರುತ್ತೆ” ಅಂದಳು ಹೆಂಡತಿ ಮೆಲ್ಲಗೆ. “ಒಂದೊಂದ್ಸಲ ಸ್ವಲ್ಪ ತಡ ಆಗುತ್ತೆ.”

“ನಿನಗೆ ಹೇಗೆ ಗೊತ್ತು?”

“ದಿನಾ ಕಾಯ್ತೀನಲ್ಲ.”

ಅಷ್ಟರಲ್ಲಿ ಮಾವ ನೀರಿನಿಂದ ಮೇಲೆದ್ದವರಂತೆ ಹ್ಞಾ ಅಂತ ಉಸಿರು ಎಳೆದುಕೊಂಡರು. ನನ್ನವಳು ಎಷ್ಟೋ ವರ್ಷದಿಂದ ಇದನ್ನು ಕೇಳುತ್ತ ಬಂದಿದ್ದಾಳೆ. ಸ್ಪೀಕರು ಇಲ್ಲದೆ, ಒಬ್ಬಳೇ, ಕತ್ತಲಲ್ಲಿ. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು. ಇವಳನ್ನೇ ನಾನು ಎದುರು ಪಾರ್ಟಿ ಅಂದುಕೊಂಡಿದ್ದೆನಲ್ಲ!

ಮಾವನ ತೋಳು ಹಿಡಿದು ಅಲುಗಿಸಿದೆ. “ಮಾವ, ನಿಮ್ಮ ಉಸಿರು ನಿಂತುಹೋಗಿತ್ತು!”

ಅವರು ಕೆಂಪು ಕಣ್ಣು ಬಿಟ್ಟು ನನ್ನನ್ನು ಅನುಮಾನದಿಂದ ನೋಡಿದರು. “ಸಾಕ್ಷಿ ಯಾರು?”

ಮನೆಗೆ ಹೋಗಿ ಮಷೀನು ಎತ್ತಿಕೊಂಡು ನೆಟ್ಟಗೆ ಡಾಕ್ಟರ ಹತ್ತಿರ ಹೋದೆವು. ಅವರು ಮಷೀನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಹುಬ್ಬೇರಿಸಿದರು.

“ಗಾಳಿ ಇಷ್ಟು ಏರಿಸಿದ್ದು ಯಾರು?”

“ಅದೇ ತಾನಾಗಿ...”

“ಗುಂಡಿ ಒತ್ತಿದ್ದೆಲ್ಲ ಇದರಲ್ಲಿ ಕಾಣುತ್ತೆ.”

“ನಾನೇ ಡಾಕ್ಟ್ರೇ.”

ನನ್ನ ಬೋಳು ತುಟಿ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಮೀಸೆ ಯಾಕೆ ತೆಗೆದ್ರಿ? ಮೀಸೆ ಇರೋರಿಗೆ ಅಂತಲೇ ಮೂಗಿನ ಹೊಳ್ಳೆಗೆ ಕೂರೋ ಪುಟ್ಟ ಮಾಸ್ಕ್ ಇದೆಯಲ್ಲ! ಅದಕ್ಕೇ ಬನ್ನಿ ಅಂದಿದ್ದು!”

ನನ್ನ ಸ್ಥಿತಿ ನೀವೇ ಊಹಿಸಿಕೊಳ್ಳಿ. ಬಳಗ ಬಿಟ್ಟುಬಿಡುತ್ತೇನೆ ಅಂದೆ. ಅವರು ತಲೆಯಾಡಿಸಿದರು. “ಬಿಡ್ಬೇಡಿ. ಮಾಸ್ಕ್ ಹಾಕ್ಕೊಂಡು ಮಲಗೋ ಬೇಜಾರು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಕಷ್ಟ ಅಲ್ಲಿ ಹೇಳ್ಕೊಳ್ಳಿ, ಗುಂಡಿ ನನಗೆ ಬಿಡಿ. ಮತ್ತೆ ಆ ಮಾವನ್ನೂ ಒಂದ್ಸಲ ಕರ್ಕೊಂಡು ಬನ್ನಿ.” ಈ ಸಲ ನನಗೆ ಅನುಮಾನಪಡಲು ಏನೂ ಸಿಗಲಿಲ್ಲ. ಹುಡುಕಿದ್ದಂತೂ ನಿಜ.

ಸರಿಯಾದ ಮಾಸ್ಕು, ಸರಿಯಾದ ಗಾಳಿ. ಕೆಲವೇ ದಿನಗಳಲ್ಲಿ ತಲೆಯ ಮೇಲಿಂದ ಒದ್ದೆ ಕಂಬಳಿ ತೆಗೆದಂತಾಯಿತು. ಸಾಹೇಬರ ಪರೀಕ್ಷೆಯ ದಿನ ಬಂತು. ಅವತ್ತಿನ ಅಭ್ಯರ್ಥಿ ಹೊಲಿಗೆ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು. ನನ್ನ ಕೈಯಲ್ಲಿ ಮೂರು ಸಲ ಫೇಲಾದವರು ಅಂತ ಕಾಗದ ಹೇಳಿತು. ಅವರು ಸ್ಟಿಯರಿಂಗ್ ಹಿಡಿದರು. ಸಾಹೇಬರು ಹಿಂದೆ ಕೈಕಟ್ಟಿ ಕೂತರು. ಹೆಂಡತಿ ಕಚೇರಿಯ ಗೇಟಿನಲ್ಲಿ ನಿಂತಿದ್ದಳು.

ಎಚ್ಚರವಿರುವುದು ಎಂಥ ಸೊಗಸು! ನಮ್ಮ ಪರೀಕ್ಷೆಯ ದಾರಿಯಲ್ಲಿ ಒಂದು ಕನ್ನಡಕದ ಅಂಗಡಿ ಇರುವುದು ಅವತ್ತೇ ನನಗೆ ತಿಳಿದದ್ದು.

“ಇದು ಯಾವಾಗ ಶುರುವಾಯ್ತು?” ಅಂದೆ.

“ನಾನು ಹುಟ್ಟೋಕೆ ಮುಂಚೆ ಸಾರ್” ಅಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ.

ಎಡಕ್ಕೆ ಅಂದೆ, ಬಲಕ್ಕೆ ಅಂದೆ, ನಿಲ್ಲಿಸಿ ಅಂದೆ, ಹಿಂದಕ್ಕೆ ತೆಗೀರಿ ಅಂದೆ. ಅವರು ಎಲ್ಲವನ್ನೂ ದಾರದಲ್ಲಿ ಹೊಲಿದಷ್ಟು ನೇರವಾಗಿ ಮಾಡಿದರು. ತಪ್ಪು ಹುಡುಕಲು ಕಣ್ಣಗಲಿಸಿ ಕೂತಿದ್ದೆ. ಒಂದೂ ಸಿಗಲಿಲ್ಲ. ಕಚೇರಿಯ ಮುಂದೆ ಕಾರು ನಿಂತಾಗ ಗೆದ್ದೆ ಅಂತ ಎದೆಯುಬ್ಬಿಸಿ ಹಿಂದೆ ತಿರುಗಿದೆ. ಸಾಹೇಬರು ಕಿಟಕಿಗೆ ಕೆನ್ನೆ ಕೊಟ್ಟು ಸೊಗಸಾಗಿ ನಿದ್ದೆ ಹೋಗಿದ್ದರು!

“ಸಾರ್!”

“ಹ್ಞಾಂ! ಆಯ್ತಾ?” ಅಂತ ಬಾಯಿ ಒರೆಸಿಕೊಂಡು ಗಂಭೀರರಾದರು. “ನಾನೆಲ್ಲ ನೋಡ್ತಾನೇ ಇದ್ದೆ. ಆದ್ರೂ ಒಂದು ಮಾತು ಇವರನ್ನೂ ಕೇಳ್ಬೇಕಲ್ಲ. ಏನಮ್ಮಾ, ನಮ್ಮ ಇನ್‌ಸ್ಪೆಕ್ಟರು ದಾರಿಯುದ್ದಕ್ಕೂ ಎಚ್ಚರ ಇದ್ರಾ?”

ನನ್ನ ಸೀಟು ಈಗ ಆ ಹೆಂಗಸಿನ ನಾಲಿಗೆಯ ತುದಿಯಲ್ಲಿತ್ತು. ಮೂರು ಸಲ ಫೇಲ್ ಮಾಡಿದವನಿಗೆ ಇವರು ದಯೆ ತೋರಿಸುತ್ತಾರೆಯೇ? ಗೇಟಿನಲ್ಲಿದ್ದ ಹೆಂಡತಿಯೂ ಹತ್ತಿರ ಬಂದು ಕಿಟಕಿಗೆ ಬಗ್ಗಿದಳು.

“ಇದ್ರು ಸಾರ್” ಅಂದರು ಅವರು ನಿಶ್ಚಿಂತೆಯಿಂದ. “ಸುಳ್ಳು ಯಾಕೆ ಹೇಳ್ಲಿ? ಪೂರ್ತಿ ಎಚ್ಚರ ಇದ್ರು.”

ನಾನು ಹಿಡಿದಿದ್ದ ಉಸಿರು ಬಿಟ್ಟೆ.

“ನಾಲ್ಕು ಸಲ ಇವರ ಪಕ್ಕ ಕೂತಿದೀನಿ. ಇವರು ಎಚ್ಚರ ಇದ್ದದ್ದನ್ನ ಇವತ್ತೇ ಮೊದಲು ನೋಡಿದ್ದು. ಹಿಂದೆಲ್ಲ ಬದುಕಿದಾರೋ ಇಲ್ವೋ ಅಂತ ನನಗೆ ಗಾಬರಿಯಾಗ್ತಿತ್ತು ಸಾರ್.”

ಸಾಹೇಬರು ಕಾಗದ ನೋಡಿದರು. ನನ್ನನ್ನು ನೋಡಿದರು. ಮತ್ತೆ ಕಾಗದ ನೋಡಿದರು.

“ಹಾಗಾದ್ರೆ ಆ ಮೂರು ಸಲ ಇವರನ್ನ ಫೇಲ್ ಮಾಡಿದ್ದು ಯಾರ್ರೀ?”

ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು. ನಾನು ಸೀಟಿಗೆ ಒರಗಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಈ ಒಂದು ಗಳಿಗೆ ನಿದ್ದೆ ಬಂದುಬಿಟ್ಟರೆ ಸಾಕಪ್ಪ ಅನ್ನಿಸಿತು.

ಹಾಳಾದ್ದು, ಬರಲೇ ಇಲ್ಲ!